ಈ ತಿಂಗಳು ಪುಟ್ಟಿಯ ಒಂದನೇ ಕ್ಲಾಸಿನಲ್ಲಿ

ಪ್ರೀತಿಯ ಅಕ್ಕ,

ಹೋದ ಸಲ ಫೋನಿನಲ್ಲಿ "ಪುಟ್ಟಿಗೆ ಅಲ್ಲಿ ಅಮೆರಿಕದಲ್ಲಿ ಏನು ಪಾಠ ನಡೀತಿದೆ, ಸರಿಯಾಗಿ ಬರೆದು ಕಳಿಸು" ಅಂದಿದ್ದೆಯಲ್ಲ, ಅದಕ್ಕೇ ಈ ಪತ್ರ. ನೀನೂ ಚಿಕ್ಕ ಮಕ್ಕಳಿಗೆ ಕಲಿಸುವವಳು, ನಿನಗೆ ಮೇಲೆ ಮೇಲೆ ಹೇಳಿದರೆ ಸಾಲದು. ಮಕ್ಕಳು ಓದುವುದನ್ನು ಕೇಳಿಸಿಕೊಳ್ಳಲು ಪೋಷಕರು ಕ್ಲಾಸಿಗೆ ಬಂದು ಕೂರಬಹುದು ಇಲ್ಲಿ. ಏಪ್ರಿಲ್ ಪೂರ್ತಿ ನಾನು ವಾರಕ್ಕೊಮ್ಮೆ ಹೋಗುತ್ತಿದ್ದೇನೆ. ಹಾಗಾಗಿ ಇದೆಲ್ಲ ಕಣ್ಣಾರೆ ಕಂಡಿದ್ದು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಸಮ ಚಿಹ್ನೆಯ ಪಾಠ. ಅದಕ್ಕೂ ಒಂದು ಪಾಠವೇ ಅಂತ ಭಾವ ನಗಬಹುದು. ಕೇಳು. ಟೀಚರ್ ಬೋರ್ಡಿನ ಮೇಲೆ 7 = 8 − 1 ಅಂತ ಬರೆದು, ಸರಿಯೋ ತಪ್ಪೋ ಹೇಳಿ ಅಂದರು. ಅರ್ಧ ಕ್ಲಾಸು "ತಪ್ಪು" ಅಂತ ಕೂಗಿತು. ಯಾಕೆ ಅಂದರೆ, "ಉತ್ತರ ಮೊದಲೇ ಬಂದುಬಿಟ್ಟಿದೆ!" ಆಮೇಲೆ 6 = 6 ಬರೆದರು. "ಇದು ಲೆಕ್ಕವೇ ಅಲ್ಲ, ಕೂಡೋದಕ್ಕೆ ಏನೂ ಇಲ್ಲ" ಅಂದಳು ನಮ್ಮ ಪುಟ್ಟಿ. ಟೀಚರ್ ಸರಿ ಉತ್ತರ ಹೇಳಲೇ ಇಲ್ಲ. ಒಂದು ತಕ್ಕಡಿ ತಂದಿಟ್ಟರು. ಒಂದು ತಟ್ಟೆಯಲ್ಲಿ ಏಳು ಘನ (ಕ್ಯೂಬ್), ಇನ್ನೊಂದರಲ್ಲಿ ಎಂಟು. ಎಂಟರಿಂದ ಒಂದನ್ನು ತೆಗೆದಾಗ ತಕ್ಕಡಿ ನೆಟ್ಟಗೆ ನಿಂತಿತು. ಆಗ ಮಕ್ಕಳೇ ಮಾತಾಡಿಕೊಳ್ಳಲು ಶುರು ಮಾಡಿದರು. ಎರಡೂ ಕಡೆ ಒಂದೇ ಬೆಲೆ ಇದ್ದರೆ ಸಾಕು, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅನ್ನೋದು ಮುಖ್ಯ ಅಲ್ಲ ಅಂತ ಅವರವರೇ ಒಪ್ಪಿಕೊಂಡರು.

ಮರುವಾರ ಇನ್ನೂ ಗಟ್ಟಿ ಲೆಕ್ಕ ಬಂತು. 8 + 4 = ☐ + 5. ಚೌಕದಲ್ಲಿ ಏನು ಬರೆಯಬೇಕು? ಬಹಳ ಮಕ್ಕಳು 12 ಅಂದರು. ಕೆಲವರು ಕಣ್ಣಿಗೆ ಬಿದ್ದದ್ದನ್ನೆಲ್ಲ ಕೂಡಿ 17 ಅಂದರು. ಉತ್ತರ 7, ಅಲ್ವಾ? ಇದು ಚಿಕ್ಕ ಮಕ್ಕಳ ತೊಡಕು ಮಾತ್ರ ಅಲ್ಲ ಅಕ್ಕ. 1999ರಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನದಲ್ಲಿ ಆರನೇ ತರಗತಿಯ ಮಕ್ಕಳೂ ಇದೇ ಲೆಕ್ಕಕ್ಕೆ 12, 17 ಅಂತಲೇ ಬರೆದಿದ್ದರು. ವರ್ಷಗಟ್ಟಲೆ 3 + 4 = ಅಂತ ಒಂದೇ ರೀತಿ ನೋಡಿ ನೋಡಿ, ಆ ಎರಡು ಗೆರೆ ಅಂದರೆ "ಈಗ ಉತ್ತರ ಬರಿ" ಅಂತಲೇ ಮನಸ್ಸಿನಲ್ಲಿ ಕೂತುಬಿಡುತ್ತದೆ. ಮುಂದೆ ಬೀಜಗಣಿತಕ್ಕೆ ಬಂದಾಗ ಅದೇ ಕಾಲಿಗೆ ತೊಡರುತ್ತದೆ. ಇದನ್ನು ಆರು ವರ್ಷದಲ್ಲೇ ಬಿಡಿಸಿ ಹೇಳುವುದು ನನ್ನ ಪ್ರಕಾರ ತುಂಬಾ ದೊಡ್ಡ ಕೆಲಸ. ನಿನ್ನ ಮಕ್ಕಳಿಗೂ ಒಮ್ಮೆ ಈ ಲೆಕ್ಕ ಕೊಟ್ಟು ನೋಡು. ಏನು ಬರೆದರು ಅಂತ ನನಗೆ ತಿಳಿಯಲೇಬೇಕು.

ಸಂಖ್ಯೆಗಳಲ್ಲಿ ಈಗ 120ರ ತನಕ ಬಂದಿದ್ದಾರೆ. ನೂರಕ್ಕೇ ನಿಲ್ಲಿಸದೆ ಮುಂದೆ ಹೋಗುವುದರಲ್ಲಿ ಅರ್ಥವಿದೆ. ನೂರು ದಾಟಿದ ಕೂಡಲೇ ಎಷ್ಟೋ ಮಕ್ಕಳು ನೂರಾ ಒಂದನ್ನು 1001 ಅಂತ ಬರೆಯುತ್ತಾರೆ. ಕೇಳಿದ ಹಾಗೆ ಬರೆಯುತ್ತಾರೆ, ಪಾಪ. ಅದಕ್ಕೇ ಹತ್ತು ಹತ್ತು ಘನಗಳನ್ನು ಜೋಡಿಸಿ ಕಡ್ಡಿ ಮಾಡಿಸುತ್ತಾರೆ. 47ಕ್ಕೆ ಹತ್ತು ಸೇರಿಸು ಅಂದರೆ ಬೆರಳು ಎಣಿಸುವ ಹಾಗಿಲ್ಲ, ಒಂದು ಕಡ್ಡಿ ಜಾಸ್ತಿ ಆಯಿತು, 57. 38 + 5 ಕೊಟ್ಟರೆ ಪುಟ್ಟಿ ಐದನ್ನು ಒಡೆಯುತ್ತಾಳೆ. ಎರಡು ಕೊಟ್ಟು ನಲವತ್ತು ಮಾಡಿ, ಉಳಿದ ಮೂರು ಸೇರಿಸಿ 43 ಅನ್ನುತ್ತಾಳೆ. ಒಂದರ ಕೆಳಗೊಂದು ಬರೆದು ದಶಕ ಏರಿಸುವುದನ್ನು ಯಾಕೆ ಹೇಳಿಕೊಡುವುದಿಲ್ಲ ಅಂತ ಭಾವ ಕೇಳಿದ್ದರು. ಇಲ್ಲಿನ ಬಹಳಷ್ಟು ರಾಜ್ಯಗಳು ಅನುಸರಿಸುವ, 2010ರಲ್ಲಿ ಬಂದ ಕಾಮನ್ ಕೋರ್ ಅನ್ನೋ ಪಠ್ಯಗುರಿಗಳಲ್ಲಿ ಆ ಕ್ರಮ ಪಕ್ಕಾ ಆಗಬೇಕಾದ್ದು ನಾಲ್ಕನೇ ತರಗತಿಗೆ. ಅಲ್ಲಿಯವರೆಗೆ ಹತ್ತು ಅಂದರೇನು ಅಂತ ಕೈಯಲ್ಲಿ ಹಿಡಿದು ಕಲಿಯುತ್ತಾರೆ. ನನಗೆ ಇದು ಸರಿ ಅನಿಸುತ್ತದೆ.

ಓದಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಅಕ್ಷರ 26, ಉಚ್ಚಾರದ ಧ್ವನಿಗಳು ಸುಮಾರು 44. ಮಕ್ಕಳಿಗೆ ಎಷ್ಟು ಕಷ್ಟ ಯೋಚಿಸು. ಪದವನ್ನು ಬಾಯಿಪಾಠ ಮಾಡಿಸದೆ, ಅದರ ಧ್ವನಿಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ಬಿಡಿಸಿ, ಮತ್ತೆ ಕೂಡಿಸಿ ಓದಿಸುತ್ತಾರೆ. ಹೀಗೆ ಕ್ರಮವಾಗಿ ಕಲಿಸಿದರೆ ಓದು ಚೆನ್ನಾಗಿ ಬರುತ್ತದೆ ಅಂತ 2000ರಲ್ಲೇ ಇಲ್ಲಿನ ನ್ಯಾಷನಲ್ ರೀಡಿಂಗ್ ಪ್ಯಾನೆಲ್ ಅನ್ನೋ ತಜ್ಞರ ಸಮಿತಿ ವರದಿ ಕೊಟ್ಟಿತ್ತು. ಈ ತಿಂಗಳ ಪಾಠ ಪದದ ಕೊನೆಯಲ್ಲಿ ಸುಮ್ನೆ ಕೂರುವ 'ಇ' (e) ಅಕ್ಷರದ್ದು. ಅದು ಬಂದು ಕೂತರೆ 'ಕ್ಯಾಪ್' (cap) ಹೋಗಿ 'ಕೇಪ್' (cape) ಆಗುತ್ತದೆ, 'ಕಿಟ್' (kit) ಹೋಗಿ 'ಕೈಟ್' (kite). ಪುಟ್ಟಿ ಈಗ ಕಂಡ ಕಂಡ ಬೋರ್ಡಿನಲ್ಲೆಲ್ಲ ಆ ಇ ಹುಡುಕುತ್ತಾಳೆ.

ಇನ್ನು ಆಕಾಶ. ಇದಕ್ಕೇ ನಿನ್ನ ಸಹಾಯ ಬೇಕು. ಮಕ್ಕಳೆಲ್ಲ ಚಂದ್ರನ ದಿನಚರಿ ಬರೆಯುತ್ತಿದ್ದಾರೆ. ದಿನಾ ಒಂದು ವೃತ್ತ, ಬೆಳಕಿರುವ ಭಾಗಕ್ಕೆ ಹಳದಿ ಬಣ್ಣ, ಪಕ್ಕದಲ್ಲಿ ತಾರೀಕು ಮತ್ತು ಸಮಯ. ಚಂದ್ರ ರಾತ್ರಿ ಮಾತ್ರ ಬರುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹುಣ್ಣಿಮೆ ಕಳೆದ ಮೇಲೆ ಬೆಳಿಗ್ಗೆ ಶಾಲೆಗೆ ಹೋಗುವಾಗ ಪಶ್ಚಿಮದಲ್ಲಿ ಕಂಡಾಗ ಬಸ್ಸಿನಲ್ಲೇ ಗದ್ದಲ! ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ಸುತ್ತು ಮುಗಿಯಲು ಸುಮಾರು 29 ದಿನ 12 ಗಂಟೆ ಬೇಕು ಅಂತ ಟೀಚರ್ ಇನ್ನೂ ಹೇಳಿಲ್ಲ. ಮಕ್ಕಳೇ ಕಂಡುಹಿಡಿಯಲಿ ಅಂತ ಕಾಯುತ್ತಿದ್ದಾರೆ. ಜೊತೆಗೆ ಹಗಲು ಎಷ್ಟು ಹೊತ್ತು ಅಂತಲೂ ಗುರುತು ಹಾಕುತ್ತಾರೆ. ನಾವಿರುವ ಕಡೆ ಡಿಸೆಂಬರ್‌ನಲ್ಲಿ ಹಗಲು ಸುಮಾರು 9 ಗಂಟೆ, ಜೂನ್‌ನಲ್ಲಿ ಸುಮಾರು 15. ನಿಮ್ಮ ಕಡೆ ಆ ವ್ಯತ್ಯಾಸ ಹೆಚ್ಚುಕಡಿಮೆ ಎರಡು ಗಂಟೆಯೊಳಗೇ. "ದೊಡ್ಡಮ್ಮನ ಊರಲ್ಲಿ ಸೂರ್ಯ ಯಾಕೆ ಹಾಗೆ?" ಅಂತ ಪುಟ್ಟಿ ಬಿಡದೆ ಕೇಳುತ್ತಿದ್ದಾಳೆ.

ಒಂದೇ ದಿನ ಇಲ್ಲೂ ಅಲ್ಲೂ ಚಂದ್ರನ ಬೆಳಗಿದ ಭಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ನೀವು ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಸಂಜೆಯ ಬಿದಿಗೆ, ತದಿಗೆ ಚಂದ್ರ ನಿಮಗೆ ಜಾಸ್ತಿ ಮಲಗಿದಂತೆ ಕಾಣುತ್ತಾನೆ, ನಮಗೆ ಜಾಸ್ತಿ ನಿಂತಂತೆ. ಇದನ್ನು ಮಕ್ಕಳಿಗೆ ಮಾತಿನಲ್ಲಿ ಹೇಳುವುದಕ್ಕಿಂತ ಚಿತ್ರದಲ್ಲಿ ತೋರಿಸುವುದು ಒಳ್ಳೆಯದು. ಮುಂದಿನ ಅಮಾವಾಸ್ಯೆ ಕಳೆದ ಮೇಲೆ ನಿನ್ನ ಮಕ್ಕಳ ಕೈಲಿ ಮೂರು ನಾಲ್ಕು ಸಂಜೆ ಚಂದ್ರನ ಚಿತ್ರ ಬರೆಸುತ್ತೀಯಾ? ಕೆಳಗೆ ನೆಲದ ಗೆರೆ ಇರಲೇಬೇಕು, ಇಲ್ಲದಿದ್ದರೆ ಎಷ್ಟು ವಾಲಿದೆ ಅಂತ ಗೊತ್ತಾಗುವುದಿಲ್ಲ. ತಾರೀಕು, ಸಮಯ ಬರೆಸಿ ವಾಟ್ಸಾಪ್ ಮಾಡು. ಟೀಚರ್‌ಗೆ ಈಗಾಗಲೇ ಹೇಳಿದ್ದೇನೆ, ಅವರು ಗೋಡೆಯ ಮೇಲೆ ನಿನ್ನ ಮಕ್ಕಳ ಚಿತ್ರಕ್ಕೆ ಜಾಗ ಬಿಟ್ಟಿದ್ದಾರೆ.

ಅಪ್ಪ ಅಮ್ಮನಿಗೆ ಈ ಪತ್ರ ಓದಿ ಹೇಳು. ಭಾವನಿಗೆ ನಮಸ್ಕಾರ.

ನಿನ್ನ ತಂಗಿ