ಕೊಡೆ ಕೊಟ್ಟ ಬಾಯಮ್ಮನಿಗೆ

ಜೂನ್ ತಿಂಗಳ ಮಳೆ. ಕೊಪ್ಪಳದಿಂದ ಗಾರೆ ಕೆಲಸಕ್ಕೆ ಮಂಗಳೂರಿಗೆ ಬಂದು ಹತ್ತೇ ದಿನ ಆಗಿತ್ತು. ಕುಲಶೇಖರದ ಹತ್ತಿರ ಟಾರ್ಪಾಲಿನ ಶೆಡ್ಡು. ಮಗಳನ್ನು ಶಾಲೆಗೆ ಸೇರಿಸಲು ಹೋದರೆ, ಊರಿನ ಟಿಸಿ ತಂದ ಮೇಲೆ ಬನ್ನಿ ಅಂದುಬಿಟ್ಟರು. ಒಂದು ದಿನದ ಕೂಲಿ ಬಿಟ್ಟು ಹೋಗಿದ್ದೆ. ಅಳು ಬಂತು.

ಭಾನುವಾರ ಪೂಜೆ ಮುಗಿಸಿ ಚರ್ಚಿನ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಬಂದರು. ಬಡವರ ಮನೆಗೇ ಹೋಗಿ ವಿಚಾರಿಸುವುದು 1833ರಿಂದ ಈ ಸಭೆಯ ಕ್ರಮವಂತೆ. ಅಕ್ಕಿ, ಕಂಬಳಿ ಕೊಟ್ಟರು. ನೀವು ಮಾತ್ರ ಸಿಮೆಂಟ್ ಚೀಲ ಹಾಸಿಕೊಂಡು ಒದ್ದೆ ನೆಲದಲ್ಲೇ ಕೂತಿರಿ ಬಾಯಮ್ಮ. ಜೋಳದ ರೊಟ್ಟಿ ತಿನ್ನುವ ನಮಗೆ ಕುಚ್ಚಲಕ್ಕಿ ಬೇಯಿಸುವುದನ್ನೂ ಹೇಳಿಕೊಟ್ಟಿರಿ. ಆಮೇಲೆ ಮಗಳನ್ನು ನೋಡಿ, "ಶಾಲೆಗೆ ಯಾಕೆ ಹೋಗುದಿಲ್ಲ ಮಗಾ?" ಅಂದಿರಿ.

ಮರುದಿನ ನೀವೇ ಜೊತೆಗೆ ಬಂದಿರಿ. ಟಿಸಿ ತಡವಾದರೂ ಮಗುವನ್ನು ಸೇರಿಸಿಕೊಳ್ಳಬೇಕು, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ ಅಂತ ಮೆತ್ತಗೆ ಹೇಳಿದಿರಿ. ಜೋರು ಮಾಡಲಿಲ್ಲ. ಹತ್ತು ನಿಮಿಷದಲ್ಲಿ ಕೆಲಸ ಆಯಿತು. ನಮ್ಮ ಊರಿನ ರೇಷನ್ ಕಾರ್ಡಿಗೆ ಇಲ್ಲೇ ಅಕ್ಕಿ ಸಿಗುತ್ತದೆ ಅಂತಲೂ ನಿಮ್ಮಿಂದಲೇ ಗೊತ್ತಾಯಿತು. ಅಕ್ಕಿ ಕೊಡುವವರು ಸಿಗುತ್ತಾರೆ. ಇದು ನಿಮ್ಮದೇ ಹಕ್ಕು ಅಂತ ಕೂತು ತಿಳಿಸುವವರು ಕಡಿಮೆ, ಅಲ್ವಾ?

ಬಾಯಮ್ಮ ಅಂತ ಕರೆದೆನೇ ಹೊರತು, ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲಿಲ್ಲ. ಈಗ ನಾವು ಸುರತ್ಕಲ್ ಕಡೆ ಇದ್ದೇವೆ. ಮಗಳು ಮೂರನೇ ಕ್ಲಾಸು. ಅವತ್ತು ನೀವು ಬಿಟ್ಟುಹೋದ ನೀಲಿ ಕೊಡೆಯ ಒಂದು ಕಡ್ಡಿ ಮುರಿದಿದೆ, ದಾರ ಸುತ್ತಿ ಕಟ್ಟಿದ್ದೇನೆ. ಅವಳಿಗೆ ಅದೇ ಬೇಕು.

ತುಂಬಾ ಉಪಕಾರ ಆಯಿತು ಬಾಯಮ್ಮ.