ಆ ರಾತ್ರಿ ಯಾವುದೆಂದು ಕೇಳಿದ್ದೀಯಲ್ಲ

ಪ್ರೀತಿಯ ಮಗನೇ,

ಅಸ್ಸಲಾಮು ಅಲೈಕುಮ್.

ರಮಝಾನಿನ ಆ ಶ್ರೇಷ್ಠ ರಾತ್ರಿ, ಲೈಲತುಲ್ ಕದ್ರ್, ಈ ಸಲ ಯಾವುದು, ರಜೆ ಸಿಗುವುದು ಒಂದೇ ದಿನ, ಖಚಿತವಾಗಿ ಹೇಳಿ ದೊಡ್ಡಮ್ಮ ಎಂದು ಬರೆದಿದ್ದೀಯ. ಮೊದಲು ಲೆಕ್ಕದ ಮಾತು ಮುಗಿಸುತ್ತೇನೆ. 27ನೆಯ ಉಪವಾಸ ತೊರೆದ ಮೇಲಿನ ರಾತ್ರಿಗೆ ನೀನು ಗುರುತು ಹಾಕಿಕೊಂಡಿದ್ದೀಯ. ಅದು ತಪ್ಪು. ನಮ್ಮಲ್ಲಿ ದಿನ ಹುಟ್ಟುವುದು ಸೂರ್ಯ ಮುಳುಗಿದ ಮಗ್ರಿಬ್ ಹೊತ್ತಿಗೆ. 26ನೆಯ ಉಪವಾಸ ತೊರೆದ ಸಂಜೆಯಿಂದಲೇ 27ನೆಯ ರಾತ್ರಿ ಶುರು. ಸಾಲದ್ದಕ್ಕೆ, ಕರಾವಳಿಯ ನಾವು ಎಷ್ಟೋ ವರ್ಷ ಕೇರಳದ ಚಂದ್ರದರ್ಶನ ಹಿಡಿದು ಉಪವಾಸ ಆರಂಭಿಸುತ್ತೇವೆ, ಬೆಂಗಳೂರಿನಲ್ಲಿ ಒಂದು ದಿನ ತಡವಾಗುವುದುಂಟು. ಆಗ ನಮ್ಮ ಬೆಸ ರಾತ್ರಿ ನಿನಗೆ ಸಮ ರಾತ್ರಿ. ಹೀಗಿರುವಾಗ ಯಾವ ದಿನಾಂಕವನ್ನು ಬರೆದು ಕಳಿಸಲಿ?

ರಮಝಾನಿನ ಕೊನೆಯ ಹತ್ತರ ಬೆಸ ರಾತ್ರಿಗಳಲ್ಲಿ ಅದನ್ನು ಹುಡುಕಿರಿ ಎಂದರು ಪ್ರವಾದಿ(ಸ)ಯವರು. ಅವರ ಸಂಗಾತಿ ಉಬೈ ಬಿನ್ ಕಅಬ್ ಅದು 27ರ ರಾತ್ರಿಯೇ ಎಂದು ಆಣೆ ಇಟ್ಟು ಹೇಳುತ್ತಿದ್ದರು. ಆದರೆ ಇನ್ನೊಬ್ಬ ಸಂಗಾತಿ ಅಬೂ ಸಈದ್ ಅಲ್ ಖುದ್ರಿ ಕಂಡದ್ದು 21ರಲ್ಲಿ. ನೀರು ಕೆಸರಿನಲ್ಲಿ ಹಣೆಯಿಟ್ಟು ಸಜ್ದಾ ಮಾಡುತ್ತಿರುವಂತೆ ಪ್ರವಾದಿಯವರಿಗೆ ಕನಸಾಗಿತ್ತಂತೆ. ಆಕಾಶದಲ್ಲಿ ಮೋಡದ ಸುಳಿವೇ ಇರಲಿಲ್ಲ. ಎಲ್ಲಿಂದಲೋ ಒಂದು ಮೋಡ ಬಂದು ಮಳೆ ಸುರಿಯಿತು. ಮದೀನಾದ ಮಸೀದಿಗೆ ಆಗ ಖರ್ಜೂರದ ಗರಿಯ ಮಾಡು, ಸೋರಿತು. ನಮಾಝ್ ಮುಗಿಸಿ ತಿರುಗಿದ ಪ್ರವಾದಿಯವರ ಹಣೆಯಲ್ಲಿ ಒದ್ದೆ ಮಣ್ಣು ಮೆತ್ತಿತ್ತು. ಸೋರುವ ಮಾಡಿನ ಕೆಳಗೆ ಬೆಳೆದ ನನಗೆ ಆ ಹಣೆಯ ಮಣ್ಣನ್ನು ನೆನೆದರೆ ಇಂದಿಗೂ ಕಣ್ಣು ತುಂಬುತ್ತದೆ.

ಇನ್ನು ನಿನಗೆ ಹೇಳಲೇಬೇಕಾದದ್ದು. ಆ ರಾತ್ರಿ ಯಾವುದೆಂದು ತಿಳಿಸಲೆಂದೇ ಪ್ರವಾದಿಯವರು ಒಮ್ಮೆ ಹೊರಗೆ ಬಂದಿದ್ದರು. ಇಬ್ಬರು ಜಗಳವಾಡುತ್ತಿದ್ದರು. ಅದರಿಂದ ಆ ತಿಳಿವನ್ನೇ ಮೇಲಕ್ಕೆತ್ತಿಕೊಳ್ಳಲಾಯಿತು. ಬಹುಶಃ ನಿಮಗೆ ಅದೇ ಒಳಿತು ಎಂದು ಅವರು ಸಮಾಧಾನ ಹೇಳಿದರು, ನಿಜ. ಆದರೆ ನೀನು ನನ್ನಲ್ಲಿ ಕೇಳುತ್ತಿರುವ ದಿನಾಂಕ ಇಬ್ಬರ ಜಗಳದಲ್ಲಿ ಹೋದದ್ದು ಮಗನೇ. ಅಂಗಡಿ ಬಾಡಿಗೆಯ ಲೆಕ್ಕಕ್ಕೆ ತಮ್ಮನೊಂದಿಗೆ ಮಾತು ಬಿಟ್ಟು ಏಳು ತಿಂಗಳಾದ ನೀನು ಅದನ್ನು ಕೇಳುವಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೂರು ರಾತ್ರಿಗಿಂತ ಹೆಚ್ಚು ಮಾತು ಬಿಡುವಂತಿಲ್ಲ, ಇಬ್ಬರಲ್ಲಿ ಮೊದಲು ಸಲಾಂ ಹೇಳಿದವನೇ ಉತ್ತಮ ಎಂಬ ಪ್ರವಾದಿಯವರ ಮಾತನ್ನು, ಆ ಹದೀಸನ್ನು, ಮದ್ರಸಾದಲ್ಲಿ ನೀನೂ ಬಾಯಿಪಾಠ ಮಾಡಿದವನು.

ನಿನ್ನ ತಾಯಿಯೊಂದಿಗೆ ನಾನು ಮೂರು ವರ್ಷ ಮಾತು ಬಿಟ್ಟಿದ್ದೆ. ನಮ್ಮ ಉಮ್ಮ ತೀರಿಕೊಂಡ ಮೇಲೆ ಅವರ ಒಂದು ಜೊತೆ ಬಳೆಗಾಗಿ. ಕೊನೆಯ ಹತ್ತರಲ್ಲಿ ಉಮ್ಮ ನಮಾಝಿಗೆ ಕೈಕಾಲು ತೊಳೆದು ವುಝೂ ಮಾಡಿದ ಒದ್ದೆ ಬೆರಳುಗಳಿಂದ ನಮ್ಮ ರೆಪ್ಪೆ ತಡವಿ ಎಬ್ಬಿಸುತ್ತಿದ್ದರು. ಆಗ ಕಿವಿಯ ಬಳಿ ಸದ್ದು ಮಾಡುತ್ತಿದ್ದ ಬಳೆಗಳು ಅವು. ಆ ರಾತ್ರಿ ಸಿಕ್ಕರೆ ಏನು ಬೇಡಲಿ ಎಂದು ಪತ್ನಿ ಆಯಿಷಾ(ರ) ಕೇಳಿದಾಗ ಪ್ರವಾದಿಯವರು ಕಲಿಸಿದ ದುಆ ಇದೆಯಲ್ಲ, ‘ಅಲ್ಲಾಹುಮ್ಮ ಇನ್ನಕ ಅಫುವ್ವುನ್, ತುಹಿಬ್ಬುಲ್ ಅಫ್ವ, ಫಅ್‌ಫು ಅನ್ನೀ’, ಒಂದು 23ರ ರಾತ್ರಿ ಅದು ನನ್ನ ಗಂಟಲಿನಲ್ಲಿ ನಿಂತುಬಿಟ್ಟಿತು. ನೀನು ಮನ್ನಿಸುವವನು, ಮನ್ನಿಸುವುದು ನಿನಗೆ ಇಷ್ಟ, ನನ್ನನ್ನು ಮನ್ನಿಸು. ಅವನಿಗೆ ಇಷ್ಟವಾದದ್ದನ್ನು ನಾನು ಮಾಡದೆ ಯಾವ ಮುಖದಲ್ಲಿ ಬೇಡಲಿ? ಪ್ರಭಾತದ ಸುಬ್‌ಹಿ ನಮಾಝ್ ಮುಗಿಸಿ ಅವಳ ಮನೆಗೆ ನಡೆದೆ. ಬಟ್ಟೆ ಒಗೆಯುತ್ತಿದ್ದಳು. ಸಲಾಂ ಹೇಳಿದೆ. ಸೆರಗಿಗೆ ಕೈ ಒರೆಸಿಕೊಂಡು ‘ವ ಅಲೈಕುಮುಸ್ಸಲಾಂ’ ಎಂದಳು, ಬಕೆಟ್ ಸರಿಸಿ ಕೂರಲು ಜಾಗ ಮಾಡಿದಳು. ಬಳೆಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ಸಾವಿರ ತಿಂಗಳಿಗಿಂತ ಉತ್ತಮ ಆ ಒಂದು ರಾತ್ರಿ, ಎಂದರೆ 83 ವರ್ಷ 4 ತಿಂಗಳು, ನನ್ನ ವಯಸ್ಸಿಗಿಂತ ಹೆಚ್ಚು. ಹಿರಾ ಗುಹೆಯಲ್ಲಿ ಕುರ್‌ಆನ್ ಇಳಿಯತೊಡಗಿದ ರಾತ್ರಿ ಅದು. ಕನ್ನಡದಲ್ಲಿ ‘ಅವನ ಕದರೇ ಬೇರೆ’ ಎನ್ನುವುದನ್ನು ಕೇಳಿದಾಗಲೆಲ್ಲ ಘನತೆ ಎಂಬ ಅರ್ಥದ ಈ ಕದ್ರ್ ನನಗೆ ನೆನಪಾಗುತ್ತದೆ. ಆ ರಾತ್ರಿಯನ್ನು ಹೇಳುವ ಕುರ್‌ಆನಿನ ಅಧ್ಯಾಯ, ಆ ಸೂರಃದಲ್ಲಿರುವುದು ಐದೇ ಆಯತ್‌ಗಳು. ಕೊನೆಯದನ್ನು ಈ ಸಲ ನಿಧಾನವಾಗಿ ಓದು: ‘ಸಲಾಮುನ್ ಹಿಯ ಹತ್ತಾ ಮತ್‌ಲಇಲ್ ಫಜ್ರ್’, ಪ್ರಭಾತ ಮೂಡುವವರೆಗೂ ಅದು ಶಾಂತಿ. ನಾವು ಒಬ್ಬರಿಗೊಬ್ಬರು ಹೇಳುವ ಸಲಾಮೂ ಅದೇ ಪದ.

ರಜೆಯ ಚಿಂತೆ ಬಿಡು. ರಾತ್ರಿಯ ಇಶಾ ನಮಾಝ್ ಮತ್ತು ಸುಬ್‌ಹಿಯನ್ನು ಜಮಾಅತ್‌ನಲ್ಲಿ ಎಲ್ಲರೊಂದಿಗೆ ನಿಂತು ನಿರ್ವಹಿಸಿದವನು ಇಡೀ ರಾತ್ರಿ ನಮಾಝಿನಲ್ಲಿ ನಿಂತಂತೆ ಎಂದಿದ್ದಾರೆ ಪ್ರವಾದಿಯವರು. ಹತ್ತು ರಾತ್ರಿಯೂ ಅಷ್ಟನ್ನು ಬಿಡಬೇಡ. ಕೆಲಸದಿಂದ ಬಂದು ಸ್ವಲ್ಪ ಮಲಗು, ಉಪವಾಸಕ್ಕೆ ಮುಂಚಿನ ಊಟ, ಸಹರಿಗಿಂತ ಅರ್ಧ ಗಂಟೆ ಮೊದಲು ಏಳು, ಎರಡು ರಕಅತ್ ನಮಾಝ್ ಮಾಡಿ ಆ ದುಆ ಹೇಳು. ಮಸೀದಿಯ ದೀಪಾಲಂಕಾರದ ಚಿತ್ರ ತೆಗೆದು ಮೊಬೈಲ್‌ನಲ್ಲಿ ಹಂಚುತ್ತಾ ಆ ಹೊತ್ತನ್ನು ಕಳೆಯಬೇಡ.

ತಮ್ಮ ತನ್ನ ನಂಬರ್ ಬದಲಿಸಿದ್ದಾನೆ. ಹೊಸದನ್ನು ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಸಹರಿಗೆ ಅವನು ನಾಲ್ಕು ಗಂಟೆಗೇ ಎದ್ದಿರುತ್ತಾನೆ.

ನಿನ್ನ ದೊಡ್ಡಮ್ಮ