ಬಿಸಿಲ ನಾಡಲ್ಲೂ ಗಿನಿ ಪಿಗ್‌ಗೆ ಚಳಿ ಆಗುತ್ತದೆ

ಸಂಪಾದಕರಿಗೆ ನಮಸ್ಕಾರ.

ನಮ್ಮ ಕೊಪ್ಪಳ ಕಡೆ ಪ್ರಾಣಿ ಸಾಕುವವರೆಲ್ಲ ಬೇಸಿಗೆಗೆ ಹೆದರುತ್ತಾರೆ. ಚಳಿಗಾಲ ಬಂತೆಂದರೆ ನಿಶ್ಚಿಂತೆ. ಆಕಳು, ಆಡು, ನಾಯಿಗಳಿಗೆ ಈ ಲೆಕ್ಕ ಸರಿ ಇರಬಹುದು, ಆದರೆ ಈಚೆಗೆ ಮನೆಮನೆಗೆ ಬರುತ್ತಿರುವ ಗಿನಿ ಪಿಗ್ ಅನ್ನುವ, ಇಲಿಯ ಬಳಗದ ಬಾಲವಿಲ್ಲದ ಪುಟ್ಟ ಪ್ರಾಣಿಗೆ ಈ ಲೆಕ್ಕ ನಡೆಯುವುದಿಲ್ಲ. ಮಕ್ಕಳು ಹಟ ಮಾಡುತ್ತಾರೆ, ಬೊಗಳುವುದಿಲ್ಲ, ಕಚ್ಚುವುದು ಕಡಿಮೆ, ಮೂಲೆಯಲ್ಲಿ ಇದ್ದುಬಿಡುತ್ತದೆ ಅಂತ ಅಪ್ಪ ಅಮ್ಮನೂ ಒಪ್ಪಿ ತರುತ್ತಾರೆ. ಜನವರಿಯಲ್ಲಿ ನಮ್ಮೂರ ಗವಿಮಠದ ಜಾತ್ರೆ ಹೊತ್ತಿಗೆ ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಅದು ಸೆಟೆದುಕೊಂಡು ಬಿದ್ದಿರುತ್ತದೆ. "ಅದರ ಆಯಸ್ಸೇ ಅಷ್ಟಿತ್ತು ಬಿಡು" ಅಂತ ಹಿತ್ತಲಲ್ಲಿ ಮಣ್ಣು ಮಾಡಿ ಮುಂದಿನ ತಿಂಗಳು ಇನ್ನೊಂದು ತರುತ್ತಾರೆ. ಅದರ ಆಯಸ್ಸು ಅಷ್ಟಲ್ಲ ಸ್ವಾಮಿ. ಸರಿಯಾಗಿ ನೋಡಿಕೊಂಡರೆ 5ರಿಂದ 8 ವರ್ಷ ಬದುಕುವ ಪ್ರಾಣಿ ಅದು.

"ಅದು ಬೆಟ್ಟದ ಪ್ರಾಣಿ, ಅದಕ್ಕೆಂಥ ಚಳಿ?" ಅನ್ನುವವರಿದ್ದಾರೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಕಡೆಯಿಂದ ಬಂದದ್ದು ನಿಜ. ಆದರೆ ಅಲ್ಲಿನ ಜನ ಸಾವಿರಾರು ವರ್ಷದಿಂದ ಅದನ್ನು ಮನೆಯೊಳಗೇ ಸಾಕಿದ್ದಾರೆ, ಹಳ್ಳಿಗಳಲ್ಲಿ ಈಗಲೂ ಅಡುಗೆಮನೆಯಲ್ಲಿ ಒಲೆ ಹತ್ತಿರ ಓಡಾಡಿಕೊಂಡಿರುತ್ತವೆ, ಅದೂ ಗುಂಪಾಗಿ. ನಾವು ಒಂದನ್ನೇ ತಂದು ತಂತಿ ಪಂಜರಕ್ಕೆ ಹಾಕಿ ಮಾಳಿಗೆ ಮೇಲಿನ ತಗಡಿನ ಶೆಡ್‌ನಲ್ಲಿ ಇಡುತ್ತೇವೆ. ಅದಕ್ಕೆ ಹಿತವಾಗುವುದು ಸುಮಾರು 18ರಿಂದ 24 ಡಿಗ್ರಿ. ನಮ್ಮಲ್ಲಿ ಡಿಸೆಂಬರ್, ಜನವರಿಯಲ್ಲಿ ಮಧ್ಯಾಹ್ನ 30ರ ಹತ್ತಿರ ಇರುತ್ತದೆ, ನಸುಕಿಗೆ 13–14ಕ್ಕೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕೆಳಗೆ. ಅಂದರೆ ಒಂದೇ ದಿನದಲ್ಲಿ ಆ ಜೀವ ಸೆಕೆಯನ್ನೂ ತಿನ್ನಬೇಕು, ಚಳಿಯನ್ನೂ ತಿನ್ನಬೇಕು. ತಗಡಿನ ಕೆಳಗೆ ಇಟ್ಟರಂತೂ ಕೇಳುವುದೇ ಬೇಡ.

ಮೊದಲ ಕೆಲಸ, ಪಂಜರವನ್ನು ಮನೆಯೊಳಗೆ ತನ್ನಿ, ನೆಲದಿಂದ ಎತ್ತಿ. ನಮ್ಮ ಮನೆಗಳಲ್ಲಿ ಗ್ರಾನೈಟೋ ಶಹಾಬಾದ್ ಕಲ್ಲೋ ಇರುತ್ತದೆ, ಬೇಸಿಗೆಯಲ್ಲಿ ಕಾಲಿಗೆ ಹಾಯೆನ್ನಿಸುವ ಆ ಕಲ್ಲೇ ಪುಷ್ಯ ಮಾಸದಲ್ಲಿ ರಾತ್ರಿಯೆಲ್ಲ ಅದರ ಹೊಟ್ಟೆಯ ಕಾವು ಎಳೆದುಕೊಳ್ಳುತ್ತದೆ. ಒಂದು ಮೇಜೋ ಸ್ಟೂಲೋ ಸಾಕು. ಬಾಗಿಲ ಸಂದಿಯಿಂದ ಗಾಳಿ ಬರುವ ಜಾಗ ಬೇಡ. ತಂತಿ ತಳ ಇದ್ದರೆ ಅದರ ಮೇಲೆ ಹಲಗೆ ಹಾಕಿ, ಹಲಗೆ ಮೇಲೆ ನಾಲ್ಕು ಪದರ ಪೇಪರ್ ಹಾಸಿ (ಓದಿ ಮುಗಿಸಿದ ನಿಮ್ಮ ಪತ್ರಿಕೆಯೇ ಆದೀತು, ಬೇಜಾರು ಮಾಡಿಕೊಳ್ಳಬೇಡಿ).

ಅದರ ಮೇಲೆ ಹುಲ್ಲು. ಗಂಗಾವತಿ, ಕಾರಟಗಿ ಕಡೆ ಭತ್ತದ ಹುಲ್ಲಿಗೆ ಬರವೇ? ಒಣ ಹುಲ್ಲಿನ ಕಡ್ಡಿ ಒಳಗೆ ಟೊಳ್ಳು, ಗಾಳಿ ಹಿಡಿದಿಟ್ಟುಕೊಂಡು ಬೆಚ್ಚಗಿಡುತ್ತದೆ. ಒಂದು ರಟ್ಟಿನ ಡಬ್ಬಿ ತಗೊಂಡು ಎರಡು ಕಡೆ ಬಾಗಿಲು ಕೊರೆದು, ಒಳಗೆ ಹುಲ್ಲು ತುಂಬಿ ಪಂಜರದೊಳಗಿಡಿ. ಅದೇ ನುಗ್ಗಿ, ತಿರುಗಿ, ಮೂಗಿನಿಂದ ತಳ್ಳಿ ತಳ್ಳಿ ತನ್ನ ಮೈ ಅಳತೆಗೆ ಗೂಡು ಮಾಡಿಕೊಳ್ಳುತ್ತದೆ. ಡಬ್ಬಿಯನ್ನೂ ಕಡಿದು ತಿನ್ನುತ್ತದೆ, ತಿನ್ನಲಿ, ವಾರಕ್ಕೊಂದು ಡಬ್ಬಿ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಸಾಮಿಲ್‌ನ ಹೊಟ್ಟು ಮಾತ್ರ ಬೇಡ, ಅದರ ದೂಳು ಮೂಗು, ಶ್ವಾಸಕೋಶಕ್ಕೆ ಹೋಗುತ್ತದೆ.

ಹಳೆ ಕೌದಿ ತುಂಡು ಹಾಕುವವರು ಜಾಸ್ತಿ. ಕೌದಿ ಬೆಚ್ಚಗೇನೋ ಇರುತ್ತದೆ, ಆದರೆ ಅದರ ಹೊಲಿಗೆ ದಾರ ಸಡಿಲವಾದರೆ ಆ ಸಣ್ಣ ಕಾಲಿಗೆ, ಉಗುರಿಗೆ ಸುತ್ತಿಕೊಂಡು ರಕ್ತ ಓಡಾಟವೇ ನಿಲ್ಲಬಹುದು. ಉಚ್ಚೆ ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ ಬೇರೆ. ಹೊದಿಸುವುದಿದ್ದರೆ ಕೌದಿಯನ್ನು ಪಂಜರದ ಮೇಲೆ, ಹೊರಗಡೆಯಿಂದ ಮೂರು ಬದಿಗೆ ಹೊದಿಸಿ. ನಾಲ್ಕನೆಯ ಬದಿ ತೆರೆದಿರಲಿ. ಇದು ಬಹಳ ಮುಖ್ಯ. ಚಳಿ ಅಂತ ಎಲ್ಲ ಮುಚ್ಚಿ, ಒದ್ದೆ ಹುಲ್ಲು ತೆಗೆಯದೆ ಬಿಟ್ಟರೆ ಉಚ್ಚೆಯಿಂದ ಅಮೋನಿಯಾ ಏಳುತ್ತದೆ, ನಿಮ್ಮ ಮೂಗಿಗೆ ಘಾಟು ಬಡಿಯುವ ಹೊತ್ತಿಗೆ ಅದರ ಎದೆ ಕೆಟ್ಟಿರುತ್ತದೆ. ಚಳಿಗಾಲದಲ್ಲಿ ಸಾಯುವ ಗಿನಿ ಪಿಗ್‌ಗಳಲ್ಲಿ ಎಷ್ಟೋ ಸಾಯುವುದು ನ್ಯುಮೋನಿಯಾದಿಂದ. ಒದ್ದೆ ಆದದ್ದನ್ನು ದಿನಾ ತೆಗೆಯಬೇಕು, ಅದಕ್ಕೆ ಸೋಮಾರಿತನ ಮಾಡುವವರು ದಯವಿಟ್ಟು ಸಾಕಲೇಬೇಡಿ.

ಇನ್ನು ಕೋಳಿ ಫಾರಂ ನೋಡಿ ಬಲ್ಬ್ ಕಟ್ಟುವವರು. ಒಂದು ದಿನದ ಕೋಳಿ ಮರಿಗೆ 33–35 ಡಿಗ್ರಿ ಕಾವು ಬೇಕು, ಗಿನಿ ಪಿಗ್‌ಗೆ 28 ದಾಟಿದರೇ ಕಷ್ಟ, ಅದಕ್ಕೆ ಬೆವರೇ ಬರುವುದಿಲ್ಲ. ಜೊತೆಗೆ ವೈರ್ ಸಿಕ್ಕರೆ ಕಡಿಯುತ್ತದೆ. ಎಲ್‌ಇಡಿ ಬಲ್ಬ್ ಆದರೆ ಕಾವೂ ಇಲ್ಲ, ನಿದ್ದೆಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಅದಕ್ಕೂ ಅಪಾಯ, ನಿಮಗೂ ಅಪಾಯ. ತೀರಾ ಚಳಿ ಅನ್ನಿಸಿದರೆ ಗಟ್ಟಿ ಬಾಟಲಿಗೆ ಬಿಸಿನೀರು ತುಂಬಿ, ಕುದಿಯುವ ನೀರಲ್ಲ, ಹಳೆ ಕಾಲುಚೀಲದೊಳಗೆ ತುರುಕಿ ಒಂದು ಮೂಲೆಯಲ್ಲಿಡಿ, ಬೇಡ ಅನ್ನಿಸಿದರೆ ಅದು ಆಚೆ ಹೋಗಲು ಜಾಗ ಇರಬೇಕು. ಆದರೆ ರಾತ್ರಿ ಹತ್ತಕ್ಕೆ ಇಟ್ಟ ಬಾಟಲಿ ನಾಲ್ಕಕ್ಕೆ ತಣ್ಣಗಾಗಿರುತ್ತದೆ. ಎದ್ದು ಬದಲಿಸುವ ಹಾಗಿದ್ದರೆ ಇಡಿ, ಇಲ್ಲದಿದ್ದರೆ ಹುಲ್ಲನ್ನೇ ಇನ್ನೊಂದು ಹಿಡಿ ಜಾಸ್ತಿ ಹಾಕಿ.

ಒಳಗಿನ ಕಾವು ಬರುವುದು ಹೊಟ್ಟೆಯಿಂದ. ಒಣಗಿಸಿದ ಹುಲ್ಲು, ಗರಿಕೆ ಯಾವಾಗಲೂ ಮುಂದಿರಬೇಕು, ಮೇಯುತ್ತಲೇ ಇದ್ದರೆ ಕರುಳು ಓಡುತ್ತದೆ, ಬೆಳೆಯುತ್ತಲೇ ಇರುವ ಹಲ್ಲೂ ಸವೆಯುತ್ತದೆ. ಔಷಧಿ ಹೊಡೆದ ಮೆಣಸಿನ ಹೊಲ, ಗದ್ದೆಯ ಬದುವಿನ ಗರಿಕೆ ತರಬೇಡಿ. ಚಳಿಗೆ ಅಂತ ಅಜ್ಜಿಯರು ಬಿಸಿ ಹಾಲು, ರೊಟ್ಟಿ ಚೂರು ಕೊಡುತ್ತಾರೆ. ಪ್ರೀತಿ ಅರ್ಥವಾಗುತ್ತದೆ, ಆದರೂ ಬೇಡ. ಉಳ್ಳಾಗಡ್ಡಿಯಂತೂ ಬೇಡವೇ ಬೇಡ.

ಮನುಷ್ಯರ ಹಾಗೆ ಗಿನಿ ಪಿಗ್‌ಗೂ ವಿಟಮಿನ್ ಸಿ ಮೈಯಲ್ಲಿ ತಯಾರಾಗುವುದಿಲ್ಲ. ಅದು ಕಡಿಮೆಯಾದರೆ ಕೀಲು ನೋವು ಬಂದು ಮುದುಡಿ ಕೂರುತ್ತದೆ. ಮನೆಯವರು "ಚಳಿಗೆ ಮುದುಡಿದೆ" ಅಂತ ಇನ್ನೊಂದು ಬಟ್ಟೆ ಹೊದಿಸುತ್ತಾರೆ! ದಿನಾ ಹೆಬ್ಬೆರಳಷ್ಟು ಪೇರಲ ಹಣ್ಣೋ ಒಂದು ಹೋಳು ದೊಣ್ಣೆ ಮೆಣಸಿನಕಾಯೋ ನಾಲ್ಕೆಳೆ ಕೊತ್ತಂಬರಿಯೋ ಕೊಟ್ಟರೆ ಈ ತೊಂದರೆಯೇ ಇಲ್ಲ. ಸಂತೆಯಿಂದ ಬಂದ ಕೊತ್ತಂಬರಿ ಕವರ್ ಸದ್ದಾದರೆ ಸಾಕು, ಆರೋಗ್ಯವಾಗಿರುವ ಗಿನಿ ಪಿಗ್ ಮನೆ ತುಂಬ ಸಿಳ್ಳೆ ಹಾಕುತ್ತದೆ. ಆ ಸಿಳ್ಳೆ ನಿಂತ ದಿನ ಗಮನ ಕೊಡಿ. ಕೂದಲು ನಿಮಿರಿದೆ, ಕಣ್ಣು ಮೂಗಿನ ಸುತ್ತ ಪೊರೆ ಕಟ್ಟಿದೆ, ಹಿಕ್ಕೆ ಕಡಿಮೆಯಾಗಿದೆ ಅಂದರೆ ನಾಳೆ ನೋಡೋಣ ಅನ್ನಬೇಡಿ, ಒಂದು ದಿನ ಹೊಟ್ಟೆ ಖಾಲಿ ಬಿಟ್ಟರೂ ಅದು ಉಳಿಯುವುದು ಕಷ್ಟ. ಮಕ್ಕಳಿಗೆ ತಂದ ಅಮಾಕ್ಸಿಸಿಲಿನ್ ಅನ್ನುವ ಆ್ಯಂಟಿಬಯೋಟಿಕ್ ಸಿರಪ್ ಎರಡು ಹನಿ ಹಾಕುವ ಬುದ್ಧಿವಂತಿಕೆ ಬೇಡ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಗಿನಿ ಪಿಗ್‌ನ ಪ್ರಾಣವನ್ನೇ ತೆಗೆಯಬಲ್ಲದು. ಭಾನುವಾರ ಬಂತು ಅಂತ ತಲೆಸ್ನಾನ ಮಾಡಿಸುವವರೂ ಇದ್ದಾರೆ, ಅವರಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಡಾಕ್ಟರ್ ಹತ್ತಿರ ಹೋಗಿ ಅನ್ನುವುದು ಸುಲಭ. ನಮ್ಮ ಕಡೆ ಪಶು ವೈದ್ಯರಿಗೆ ಆಕಳು, ಎಮ್ಮೆ, ಕುರಿ ನೋಡುವುದಕ್ಕೇ ಹೊತ್ತು ಸಾಲದು, ಅದು ಅವರ ತಪ್ಪಲ್ಲ. 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಸಂಜೀವಿನಿ ವಾಹನವೂ ಮುಖ್ಯವಾಗಿ ದನಕರುಗಳಿಗೇ. ಜಿಲ್ಲಾ ಪಶು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ಮಧ್ಯಾಹ್ನ ಮೊಲ, ಗಿನಿ ಪಿಗ್, ಪಕ್ಷಿಗಳಿಗೆ ಅಂತ ಇಟ್ಟರೆ ದೊಡ್ಡ ಉಪಕಾರ.

ನನಗೆ ಸಿಟ್ಟಿರುವುದು ಮಾರುವವರ ಮೇಲೆ. 2018ರ ಪೆಟ್ ಶಾಪ್ ನಿಯಮದ ಪ್ರಕಾರ ಅಂಗಡಿಯವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ನಮ್ಮೂರಲ್ಲಿ ಎಷ್ಟು ಜನ ಮಾಡಿಸಿದ್ದಾರೆ ಅಂತ ಯಾರಾದರೂ ಕೇಳಿದ್ದಾರಾ? ಮೊಲ, ಗಿನಿ ಪಿಗ್ ಎರಡನ್ನೂ ಒಂದೇ ಪಂಜರಕ್ಕೆ ತುಂಬುತ್ತಾರೆ, ಮೊಲಕ್ಕೆ ಸಾಮಾನ್ಯವಾಗಿ ಏನೂ ಮಾಡದ ಬೋರ್ಡೆಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಗಿನಿ ಪಿಗ್‌ನ ಶ್ವಾಸಕೋಶ ತಿನ್ನುತ್ತದೆ. ಜೊತೆಗೆ ಕಟ್ಟಿಕೊಡುವ ಮೊಲದ ಆಹಾರದಲ್ಲಿ ವಿಟಮಿನ್ ಸಿ ಇರುವುದಿಲ್ಲ. ಕೇಳಿದರೆ "ಎರಡೂ ಒಂದೇ ರೀ" ಅನ್ನುತ್ತಾರೆ. ಪಶುಪಾಲನಾ ಇಲಾಖೆಯವರು ಈ ತಿಂಗಳಲ್ಲೇ ಒಮ್ಮೆ ಅಂಗಡಿಗಳನ್ನು ನೋಡಿ ಬರಲಿ. ರಾತ್ರಿ ಒಂಬತ್ತರ ಮೇಲೆ ಹೋದರೆ ಇನ್ನೂ ಒಳ್ಳೆಯದು, ಆಗಲೂ ಪಂಜರಗಳು ರಸ್ತೆ ಬದಿಯಲ್ಲೇ ಇರುತ್ತವೆ.

– ಒಬ್ಬ ಓದುಗಿ, ಕೊಪ್ಪಳ